ಐದು ವಾಕ್ಯದ ಪತ್ರಕ್ಕೊಂದು ಬಹಿರಂಗ ಪತ್ರ

ಮಾನ್ಯ ಪತ್ರವೇ,

1980ರ ಜನವರಿ 10ರಂದು ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಐದೇ ವಾಕ್ಯಗಳಲ್ಲಿ ಹುಟ್ಟಿದ ನಿನ್ನ ಭಾಗ್ಯವೇ ಭಾಗ್ಯ. ಒಪಿಯಾಯ್ಡ್ ನೋವುಮದ್ದು ಪಡೆದ 11,882 ಮಂದಿಯಲ್ಲಿ ಚಟಕ್ಕೆ ಬಿದ್ದವರು ನಾಲ್ವರು ಮಾತ್ರ ಎಂದೆ. ಆ ಸಾವಿರಾರು ಮಂದಿಯೆಲ್ಲ ವೈದ್ಯರ ಕಣ್ಣೆದುರೇ ಆಸ್ಪತ್ರೆಯಲ್ಲಿದ್ದವರು. ಮಾತ್ರೆಯ ಡಬ್ಬಿ ಮನೆಗೊಯ್ದು ತಿಂಗಳುಗಟ್ಟಲೆ ನುಂಗುವವರ ಸುದ್ದಿಯನ್ನು ನೀನು ಎತ್ತಲಿಲ್ಲ; ಎತ್ತಬೇಕಾದ ಜವಾಬ್ದಾರಿಯೂ ನಿನ್ನದಾಗಿರಲಿಲ್ಲ ಬಿಡು. ಆದರೂ 600ಕ್ಕೂ ಹೆಚ್ಚು ಲೇಖನಗಳು ನಿನ್ನನ್ನು ಹೆಸರಿಸಿದವು. ಆಸ್ಪತ್ರೆಯ ಮಾತನ್ನು ಅವುಗಳಲ್ಲಿ ಹೆಚ್ಚಿನವು ನುಂಗಿಕೊಂಡವು.

ಹಿಡಿದದ್ದನ್ನು ಹೀಗೆ ಬಿಡದಿರುವುದು ಕಂಡಾಗ ಒಂದು ಪರೀಕ್ಷೆ ನೆನಪಾಗುತ್ತದೆ. ಬುದ್ಧಿ ಎಷ್ಟು ಬಾಗುತ್ತದೆ ಎಂದು ನೋಡಲು ವಿಸ್ಕಾನ್ಸಿನ್ ಕಾರ್ಡ್ ಪರೀಕ್ಷೆ ಎಂಬುದೊಂದಿದೆ. ಕಾರ್ಡುಗಳನ್ನು ಬಣ್ಣ ನೋಡಿ ಜೋಡಿಸಿದರೆ ‘ಸರಿ’ ಎನ್ನುತ್ತಾರೆ. ಕೈ ಪಳಗಿದ ಮೇಲೆ ಸದ್ದಿಲ್ಲದೆ ನಿಯಮ ಬದಲಿಸಿ, ಈಗ ಆಕಾರ ನೋಡಬೇಕೆನ್ನುವುದನ್ನು ‘ತಪ್ಪು’ ಎಂಬ ಮಾತಿನಿಂದಲೇ ಊಹಿಸಲು ಬಿಡುತ್ತಾರೆ. ಒಪಿಯಾಯ್ಡ್ ಚಟ ಹತ್ತಿದವರಲ್ಲಿ ಹಲವರು ಬಣ್ಣವನ್ನೇ ಹಿಡಿದು ಕೂರುತ್ತಾರೆಂದು ಕೆಲವು ಅಧ್ಯಯನಗಳು ಹೇಳುತ್ತವೆ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು. ಮುಂದೆ ಸಿಗುವ ದೊಡ್ಡ ಮೊತ್ತಕ್ಕಿಂತ ಈಗಲೇ ಸಿಗುವ ಚಿಲ್ಲರೆಯೇ ಅವರಿಗೆ ಹಿತ. ಹಣೆಯ ಹಿಂದಿನ ಮಿದುಳು, ದಾರಿ ಬದಲಿಸು ಎಂದು ಹೇಳಬೇಕಾದ ಭಾಗ, ಸೊರಗಿರುತ್ತದೆ.

ಪಾಪ, ರೋಗಿಗಳು. ಆದರೆ ಔಷಧ ಕಂಪನಿ ಪರ್ಡ್ಯೂ ಫಾರ್ಮಾದವರು ಯಾವ ಮಾತ್ರೆ ನುಂಗಿದ್ದರೋ? 1996ರಲ್ಲಿ ಆಕ್ಸಿಕಾಂಟಿನ್ ಎಂಬ ಒಪಿಯಾಯ್ಡ್ ಮಾತ್ರೆಯನ್ನು ಮಾರುಕಟ್ಟೆಗೆ ತಂದರು, ಚಟದ ಭಯ ಬೇಡ ಎಂದರು. ರೋಗಿ ಇನ್ನಷ್ಟು ಬೇಕೆಂದು ಅಂಗಲಾಚಿದರೆ ಅದು ‘ಹುಸಿ ಚಟ’, ಮದ್ದು ಹೆಚ್ಚಿಸಿ ಎಂದರು. ಆ ಹುಸಿ ಚಟ ಹುಟ್ಟಿದ್ದು 1989ರ ಒಂದು ವರದಿಯಲ್ಲಿ. ಅದಕ್ಕೆ ಆಧಾರ ರಕ್ತದ ಕ್ಯಾನ್ಸರಿನ 17 ವರ್ಷದ ಒಬ್ಬನೇ ಹುಡುಗ. 2007ರಲ್ಲಿ ಕಂಪನಿ ತಪ್ಪೊಪ್ಪಿಕೊಂಡು ಸುಮಾರು 60 ಕೋಟಿ ಡಾಲರ್ ದಂಡ ತೆರಲು ಒಪ್ಪಿತು. ಪರೀಕ್ಷಕ ‘ತಪ್ಪು’ ಎಂದದ್ದು ಕೇಳಿಸಿತೇ? 2020ರಲ್ಲಿ ಮತ್ತೆ ತಪ್ಪೊಪ್ಪಿಗೆ! ಆರೋಗ್ಯವಂತ ಮಿದುಳುಗಳೇ ಕಾರ್ಡನ್ನು ಹಳೆಯ ರಾಶಿಗೇ ಇಡುತ್ತಿದ್ದವು. ಈಗಿನ ಲಾಭ ಮುಂದಿನ ಸಾವುಗಳಿಗಿಂತ ಹಿತವೆನಿಸಿದ್ದಕ್ಕೆ ಅವರನ್ನು ಯಾರೂ ವ್ಯಸನಿಗಳೆನ್ನಲಿಲ್ಲ.

ಬುದ್ಧಿವಾದ ಮಾತ್ರ ರೋಗಿಗೇ: ‘ಮನಸ್ಸು ಗಟ್ಟಿ ಮಾಡಿದರೆ ಬಿಡಬಹುದಪ್ಪ.’ ಚಟದ ಚಿಕಿತ್ಸೆಗೆ ಕೊಡುವ ಮೆಥಡೋನ್, ಬ್ಯುಪ್ರೆನಾರ್ಫಿನ್ ಮದ್ದುಗಳಿಂದ ಬದುಕು ಹಳಿಗೆ ಬಂದರೂ ‘ಒಂದು ಚಟ ಬಿಟ್ಟು ಇನ್ನೊಂದಕ್ಕೆ ಬಿದ್ದ’ ಎಂಬ ಕೊಂಕು.

2017ರಲ್ಲಿ, ನಿನ್ನ 37ನೇ ವಯಸ್ಸಿನಲ್ಲಿ, ಸಂಪಾದಕರು ನಿನಗೊಂದು ಎಚ್ಚರಿಕೆಯ ಟಿಪ್ಪಣಿ ಅಂಟಿಸಿದರು. ಅಭಿನಂದನೆ. ಇನ್ನೂ ಯಾರಾದರೂ ನಿನ್ನನ್ನು ಸಾಕ್ಷಿಗೆ ಕರೆಯಲು ಬಂದರೆ, ಮೊದಲು ಆ ಕಾರ್ಡುಗಳನ್ನು ಅವರ ಮುಂದೆ ಹರಡು.

ಇತಿ,
ಓದುಗ