ಬ್ರೂನೋನ ಅಪ್ಪ

ಬೆಳಿಗ್ಗೆ ಆರೂವರೆಗೆ ನಮ್ಮ ಬಡಾವಣೆಯ ಪಾರ್ಕಿನ ಸುತ್ತ ಯಾರಿಗೂ ಸ್ವಂತ ಹೆಸರಿರುವುದಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರಾಗಿ ನಿವೃತ್ತರಾದವರು ಅಲ್ಲಿ ‘ಟಫಿಯ ತಾತ’. ಕಾಲೇಜಿನಲ್ಲಿ ಹುಡುಗರನ್ನು ನಡುಗಿಸುವ ಮೇಡಂ ಅಲ್ಲಿ ‘ಸಿಂಬಾ ಅಮ್ಮ’. ಇವರೆಲ್ಲರ ನಡುವೆ ಹಿರಿತನ ಬ್ರೂನೋನ ಅಪ್ಪನದು. ಬ್ರೂನೋ ಬಾದಾಮಿ ಹಾಲಿನ ಬಣ್ಣದ ಲ್ಯಾಬ್ರಡಾರ್. ಅವರ ಮನೆಯಲ್ಲಿ ಮೊಸರನ್ನ ಕಲಸಿದರೆ ಮೊದಲು ಬ್ರೂನೋನ ಪಾಲು ತೆಗೆದಿಟ್ಟು, ಆಮೇಲೆ ಉಪ್ಪು ಹಾಕಿ ಮಿಕ್ಕವರಿಗೆ ಬಡಿಸುತ್ತಾರೆ. ಮಿಕ್ಕವರಲ್ಲಿ ಎಂಬತ್ತು ದಾಟಿದ ಅಜ್ಜಿಯೂ ಒಬ್ಬರು.

ಬೆಂಗಳೂರಿನಲ್ಲಿ 30×40 ಸೈಟಿನಲ್ಲಿ ಮನೆ ಕಟ್ಟುವವರಿಗೆ ವಾಸ್ತು, ಕಾರ್ ಪಾರ್ಕಿಂಗ್, ಕಾವೇರಿ ನೀರು ಎಂದು ಮೂರು ಚಿಂತೆ. ಬ್ರೂನೋನ ಅಪ್ಪನಿಗೆ ನಾಲ್ಕನೆಯದೂ ಒಂದಿತ್ತು, ಅದು ನೆಲ. ಅವರಿದ್ದ ಬಾಡಿಗೆ ಮನೆಯ ಟೈಲ್ಸ್ ಪಳಪಳ ಹೊಳೆಯುತ್ತಿತ್ತು. ಕಾಲಿಂಗ್ ಬೆಲ್ ಆದರೆ ಸಾಕು, ಬ್ರೂನೋ ಬೆಡ್‌ರೂಮಿನಿಂದ ಹೊರಟು, ಹಾಲಿನ ತಿರುವಿನಲ್ಲಿ ನಾಲ್ಕು ಕಾಲೂ ನಾಲ್ಕು ದಿಕ್ಕಿಗೆ ಹೋಗಿ, ಚಪ್ಪಲಿ ಸ್ಟ್ಯಾಂಡಿಗೆ ಬಡಿದು ನಿಲ್ಲುತ್ತಿದ್ದ. ಕೊರಿಯರ್ ಹುಡುಗರು ಬಾಗಿಲಾಚೆ ನಿಂತು ಸದ್ದು ಅಡಗುವವರೆಗೆ ಕಾಯುವುದನ್ನು ರೂಢಿ ಮಾಡಿಕೊಂಡಿದ್ದರು.

ಅಪ್ಪ ಹೆದರಿ ಪಶುವೈದ್ಯರ ಹತ್ತಿರ ಹೋದರು. “ಈ ಜಾತಿಗೆ ಸೊಂಟದ ಕೀಲಿನ ತೊಂದರೆ ಜಾಸ್ತಿ. ಜಾರೋ ನೆಲದ ಮೇಲೆ ಓಡಿದ್ರೆ ಇನ್ನೂ ಕಷ್ಟ. ಮೊದಲು ಉಗುರು ಕತ್ತರಿಸಿ, ಪಾದದ ಅಡಿ ಕೂದಲು ತೆಗೀರಿ. ಉಗುರು ಬೆಳೆದ್ರೆ ಪಾದ ನೆಲಕ್ಕೆ ಸರಿಯಾಗಿ ಕೂರಲ್ಲ” ಎಂದರು ಡಾಕ್ಟರು. ಈ ಮಾತಿನಲ್ಲಿ ಖರ್ಚಿಲ್ಲದ ಭಾಗವನ್ನು ಬ್ರೂನೋನ ಅಪ್ಪ ಕ್ಲಿನಿಕ್ಕಿನಲ್ಲೇ ಬಿಟ್ಟು, ಖರ್ಚಿನ ಭಾಗವನ್ನು ಮಾತ್ರ ಮನೆಗೆ ತಂದರು.

ಮನೆಯಲ್ಲಿ ಸಭೆ ಸೇರಿತು. ಹೆಂಡತಿಗೆ ಬಿಳಿ ಮಾರ್ಬಲ್ ಆಸೆ.

“ನೋಡೇ, ಮಾರ್ಬಲ್ ಅಂದ್ರೆ ಸುಣ್ಣದ ಜಾತಿ. ನಿಂಬೆಹಣ್ಣಿನ ರಸ ಬಿದ್ರೇ ಹೊಳಪು ಹೋಗತ್ತೆ. ಬ್ರೂನೋ ಒಂದಕ್ಕೆ ಹೋದ್ರೆ ಕಲೆ ಒಳಗೇ ಕೂತ್ಕೊಳ್ಳತ್ತೆ.”

“ಹಾಗಿದ್ರೆ ಕರೀ ಗ್ರಾನೈಟ್ ಹಾಕಿಸೋಣ ರೀ. ಚಾಮರಾಜನಗರದ್ದು ಫಾರಿನ್‌ಗೆಲ್ಲ ಹೋಗತ್ತಂತೆ.”

“ಗ್ರಾನೈಟ್ ಗಟ್ಟಿ, ಹುಳಿಗೂ ಜಗ್ಗಲ್ಲ, ಒಪ್ಕೋತೀನಿ. ಪಾಲಿಶ್ ಮಾಡಿದ್ರೆ ಜಾರತ್ತೆ. ಅಲ್ದೆ ಕಪ್ಪು ನೆಲದ ಮೇಲೆ ಇವನ ಕೂದಲು ಒಂದೊಂದೂ ಎಣಿಸಬಹುದು.”

ಅಮೆರಿಕದಿಂದ ರಜೆಗೆ ಬಂದಿದ್ದ ಭಾಮೈದ ಮರದ ನೆಲವೇ ಲೇಟೆಸ್ಟು ಎಂದ. ಅವನು ತೋರಿಸಿದ ಲ್ಯಾಮಿನೇಟ್ ಹಲಗೆಯ ಒಳಗಿರುವುದು ಮರದ ಪುಡಿ ಒತ್ತಿ ಮಾಡಿದ ಹಾಳೆ, ಸಂದಿಯಲ್ಲಿ ನೀರಿಳಿದರೆ ಊದಿಕೊಳ್ಳುತ್ತದೆ ಎಂಬುದನ್ನು ಬ್ರೂನೋನ ಅಪ್ಪ ಆಗಲೇ ಓದಿಕೊಂಡಿದ್ದರು. ಭಾಮೈದನ ಬಾಯಿ ಮುಚ್ಚಿತು. ಅಜ್ಜಿ ಮಾತ್ರ, “ನಮ್ಮೂರಿನ ಮನೆ ಹಾಗೆ ಕೆಂಪು ಗಾರೆ ನೆಲ ಮಾಡಿಸೋ. ಬೇಸಿಗೇಲಿ ತಣ್ಣಗಿರತ್ತೆ” ಎಂದರು. ಅದನ್ನು ಬಿರುಕು ಬಿಡದ ಹಾಗೆ ತಿಕ್ಕಿ ನಯ ಮಾಡುವ ಮೇಸ್ತ್ರಿಗಳು ಈಗ ಸುಲಭಕ್ಕೆ ಸಿಗುವುದಿಲ್ಲ ಎಂದು ಮಗ ವಿವರಿಸಿದರು. “ಹಾಗಾದ್ರೆ ಬಚ್ಚಲಿಗಾದರೂ ತರಿತರಿ ಟೈಲ್ಸ್ ಹಾಕ್ಸೋ. ನಾಲ್ಕು ವರ್ಷದಿಂದ ಹೇಳ್ತಿದೀನಿ, ಕಾಲು ಜಾರತ್ತೆ.” ಮಗ ಎಂದಿನ ಉತ್ತರ ಕೊಟ್ಟರು: “ನೋಡ್ಕೊಂಡು ನಡಿಯಮ್ಮ.”

ಟೈಲ್ಸ್ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಸೇಲ್ಸ್ ಹುಡುಗ ಗುಜರಾತಿನ ಮೋರ್ಬಿಯಿಂದ ಬಂದ ಹೊಸ ಮಾಲು ಎಂದು 4 ಅಡಿ ಉದ್ದ, 2 ಅಡಿ ಅಗಲದ ಹೊಳೆಯುವ ಟೈಲ್ಸ್ ನಿಲ್ಲಿಸಿದ. “ಮುಖ ನೋಡ್ಕೋಬಹುದು ಸಾರ್.”

“ಮುಖಕ್ಕೆ ಮನೇಲಿ ಕನ್ನಡಿ ಇದೆಯಪ್ಪ. ಕಾಲು ನಿಲ್ಲತ್ತಾ ಹೇಳು.”

ಹುಡುಗ ಉತ್ತರ ಹುಡುಕುವಷ್ಟರಲ್ಲಿ ಇವರು ಟೈಲ್ಸನ್ನು ನೆಲಕ್ಕೆ ಮಲಗಿಸಿ, ಬಾಟಲಿಯ ನೀರು ಚಿಮುಕಿಸಿ, ಚಪ್ಪಲಿ ಬಿಟ್ಟು ಹಿಮ್ಮಡಿಯಿಂದ ಉಜ್ಜಿ ನೋಡಿದರು. ಆಮೇಲೆ ಸ್ಕೂಟರ್ ಕೀಯಿಂದ ಗೀರಿದರು. ಕೊನೆಗೆ ಜೇಬಿನಿಂದ ಒಂದು ಪ್ಲಾಸ್ಟಿಕ್ ಕವರ್ ತೆಗೆದು, ಅದರಲ್ಲಿದ್ದ ಬ್ರೂನೋನ ಕೂದಲನ್ನು ಚಿಟಿಕೆಯಷ್ಟು ಒಂದೊಂದು ಸ್ಯಾಂಪಲ್ಲಿನ ಮೇಲೂ ಉದುರಿಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ಕಣ್ಣು ಕಿರಿದು ಮಾಡಿ ನೋಡಿದರು. ಬಿಳಿಯ ಮೇಲೆ ಕಂಡಿತು, ಕಪ್ಪಿನ ಮೇಲೆ ಕಂಡಿತು, ಬೂದಿಯ ಮೇಲೂ ಕಂಡಿತು. ಕೂದಲು ಮಾಯವಾದದ್ದು ತಿಳಿ ಬಾದಾಮಿ ಬಣ್ಣದ, ಸಣ್ಣ ಚುಕ್ಕೆಯ ಮ್ಯಾಟ್ ಫಿನಿಶ್ ಟೈಲ್ಸಿನ ಮೇಲೆ. ಮಗಳ ಮದುವೆಗೆ ಸೀರೆ ತೆಗೆಯುವವರೂ ಬೆಳಕಿಗೆ ಹಿಡಿದು ಇಷ್ಟು ನೋಡುವುದಿಲ್ಲ.

“ಜಾರದ ಗುಣಕ್ಕೆ ಆರ್ 9ರಿಂದ ಆರ್ 13ರವರೆಗೆ ನಂಬರಿದೆ. ನಂಬರ್ ಏರಿದಷ್ಟೂ ಹಿಡಿತ ಜಾಸ್ತಿ. ಇದೆಷ್ಟು?” ಎಂದು ಕೇಳಿದರು. ಹುಡುಗ ಮ್ಯಾನೇಜರನ್ನು ಕರೆದ, ಮ್ಯಾನೇಜರು ಫೋನ್ ಮಾಡಿ ಕೇಳಿ ಆರ್ 10 ಎಂದರು. ಎಲ್ಲಕ್ಕಿಂತ ಒರಟಾದ್ದೇ ತಗೊಳ್ಳಿ ಎಂದು ನಾನು ಬಾಯಿ ಹಾಕಿದೆ. ಅಷ್ಟು ಒರಟಾದರೆ ಕೊಳೆ ಕಚ್ಚಿಕೊಂಡು ಒರೆಸುವವರ ಸೊಂಟ ಹೋಗುತ್ತದೆ, ಅದೇನಿದ್ದರೂ ಅಂಗಳಕ್ಕೆ ಎಂಬ ಪಾಠ ಸಿಕ್ಕಿತು. ಸೆರಾಮಿಕ್‌ಗಿಂತ ವಿಟ್ರಿಫೈಡ್ ಏಕೆ ಮೇಲು, ಅದು ನೀರು ಹೀರುವುದು ನೂರಕ್ಕೆ ಅರ್ಧ ಭಾಗವೂ ಇಲ್ಲ, ಟೈಲ್ಸ್ ದೊಡ್ಡದಾದಷ್ಟೂ ಜಾಯಿಂಟು ಕಡಿಮೆ ಎಂಬ ಉಪನ್ಯಾಸವೂ ಆಯಿತು. ಅಷ್ಟರಲ್ಲಿ ಬೇರೆ ಗಿರಾಕಿಗಳು ಇವರನ್ನೇ ಅಂಗಡಿಯವರೆಂದುಕೊಂಡು ರೇಟು ವಿಚಾರಿಸತೊಡಗಿದ್ದರು.

ನಿಜವಾದ ಜಗಳ ನಡೆದದ್ದು ಜಾಯಿಂಟಿನ ವಿಷಯಕ್ಕೆ. ಮೇಸ್ತ್ರಿ ಎಲ್ಲರ ಮನೆಯಂತೆ ವೈಟ್ ಸಿಮೆಂಟ್ ತುಂಬಲು ಬಂದ. ಅದು ಉಚ್ಚೆ ಹೀರಿಕೊಳ್ಳುತ್ತದೆ, ನಮ್ಮ ಮೂಗಿಗೆ ವಾಸನೆ ತಿಳಿಯದಿದ್ದರೂ ನಾಯಿಯ ಮೂಗಿಗೆ ತಿಳಿಯುತ್ತದೆ, ಮತ್ತೆ ಅದೇ ಜಾಗ ಹುಡುಕಿಕೊಂಡು ಬರುತ್ತದೆ, ಆದ್ದರಿಂದ ಎಪಾಕ್ಸಿಯೇ ಆಗಬೇಕು ಎಂದು ಇವರು ಪಟ್ಟು ಹಿಡಿದರು.

“ಸಾರ್, ಎಪಾಕ್ಸಿ ಬಾತ್‌ರೂಮಿಗೆ ಹಾಕ್ತಾರೆ. ಹಾಲಿಗೆ ಯಾರು ಹಾಕ್ತಾರೆ?”

“ಯಾರಿಗೆ ಯಾವುದು ಬಾತ್‌ರೂಮು ಅಂತ ನಮಗೆ ಗೊತ್ತಪ್ಪ. ನೀನು ಹಾಕು.”

ಎಪಾಕ್ಸಿ ಬೇಗ ಗಟ್ಟಿಯಾಗುತ್ತದೆ. ಟೈಲ್ಸಿನ ಮೇಲೆ ಹರಡಿದ್ದನ್ನು ಆಗಿಂದಾಗಲೇ ಒರೆಸದಿದ್ದರೆ ಬಿಳಿ ಪೊರೆಯಾಗಿ ಉಳಿದುಬಿಡುತ್ತದೆ. ಮೇಸ್ತ್ರಿಯ ಹಿಂದೆ ಸ್ಪಂಜು ಹಿಡಿದು ಮಂಡಿಯೂರಿ ಹರಿದಾಡಿದವರು ಸ್ವತಃ ಬ್ರೂನೋನ ಅಪ್ಪ. ಆಫೀಸಿಗೆ ರಜೆ ಹಾಕುವಾಗ ಕಾರಣದ ಜಾಗದಲ್ಲಿ ‘ಕೌಟುಂಬಿಕ’ ಎಂದು ಬರೆದಿದ್ದರಂತೆ.

ಗೃಹಪ್ರವೇಶವಾಯಿತು. ಬಂದವರೆಲ್ಲ ನೆಲ ನೋಡಿ, “ಪಾಲಿಶ್ ಇನ್ನೂ ಬಾಕಿ ಇದೆಯಾ?” ಎಂದು ಕೇಳಿದರು. ಕೆಲಸದಾಕೆ, “ಎಷ್ಟು ಒರೆಸಿದ್ರೂ ಒರೆಸಿದ ಹಾಗೇ ಕಾಣಲ್ವಲ್ಲಮ್ಮಾ” ಎಂದು ಗೊಣಗುತ್ತಾಳೆ. ಒರೆಸುವ ನೀರಿಗೆ ಫಿನಾಯಿಲ್ ಹಾಕುವಂತಿಲ್ಲ, ಬ್ರೂನೋ ಪಾದ ನೆಕ್ಕಿಕೊಳ್ಳುತ್ತಾನೆ ಎಂಬ ಕಟ್ಟಪ್ಪಣೆ ಬೇರೆ. ಬ್ರೂನೋ ಬೆಲ್ ಕೇಳಿ ಓಡಿ ಬಾಗಿಲಲ್ಲಿ ಸರಿಯಾಗಿ ನಿಲ್ಲುತ್ತಾನೆ, ನಿಜ. ಆದರೆ ಮಿಕ್ಕ ಹೊತ್ತೆಲ್ಲ ಸೋಫಾದ ಮೇಲಿರುತ್ತಾನೆ. ಉಗುರು ಕತ್ತರಿಸುವ ಕೆಲಸ ಇನ್ನೂ ಬಾಕಿ.

ಈ ನೆಲದ ಪೂರ್ತಿ ಲಾಭ ಸಿಕ್ಕಿರುವುದು ಅಜ್ಜಿಗೆ. ಬ್ರೂನೋನ ಸ್ನಾನ ಬಚ್ಚಲಿನಲ್ಲೇ ಆಗಬೇಕಾದ್ದರಿಂದ ಅಲ್ಲಿಗೆ ಇನ್ನೂ ತರಿಯಾದ ಆರ್ 11 ಬಿದ್ದಿದೆ. ಗೋಡೆ ಹಿಡಿದು ನಡೆಯುತ್ತಿದ್ದ ಅಜ್ಜಿ ಈಗ ಕೈಬೀಸಿ ಓಡಾಡುತ್ತಾರೆ. “ಹೆತ್ತವಳು ಕೇಳಿದ್ದನ್ನ ನಾಯಿ ಮಾಡಿಸಿಕೊಡ್ತು ನೋಡು” ಎಂದು ನನ್ನ ಹತ್ತಿರ ಹೇಳಿ, ತಮ್ಮ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಬ್ರೂನೋಗೆ ಹಾಕಿದರು.

ಹೊಸ ಮನೆ ಕಟ್ಟುವ ಮಹನೀಯರಲ್ಲಿ ನನ್ನದೊಂದು ವಿನಂತಿ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗಾಗಿಯೇ ಜಾರದ ನೆಲ ಹಾಕಿಸಿ. ಅಷ್ಟಕ್ಕೆ ಮನಸ್ಸಾಗದಿದ್ದರೆ, ಟೈಲ್ಸ್ ಅಂಗಡಿಗೆ ಹೋಗುವ ಮೊದಲು ದಯವಿಟ್ಟು ಒಂದು ನಾಯಿ ಸಾಕಿ.