ನೀರಿನ ತಕ್ಕಡಿ

ಮನೆಯ ತೂಕದ ಯಂತ್ರದೊಡನೆ ವಾದ ಮಾಡಬಹುದು: ಯಂತ್ರ ಹಳೆಯದು, ನೆಲ ಸಮವಿಲ್ಲ, ಊಟ ಈಗಷ್ಟೇ ಆಯಿತು. ಹಂಪಿಯ ಬಳಿ ತುಂಗಭದ್ರೆಯಲ್ಲಿ ಹರಿಗೋಲು ಹತ್ತಿದವರಿಗೆ ಆ ಸೌಕರ್ಯವಿಲ್ಲ. ಕಾಲಿಟ್ಟೊಡನೆ ಬುಟ್ಟಿ ಇಳಿಯುತ್ತದೆ, ಅದೂ ನಾಲ್ಕು ಜನರೆದುರು.

ಎಷ್ಟು ಇಳಿಯುತ್ತದೆ? ತೇಲುವ ವಸ್ತು ಪಕ್ಕಕ್ಕೆ ಸರಿಸುವ ನೀರಿನ ತೂಕವೂ ಅದರ ತೂಕವೂ ಒಂದೇ. ನೀರಿನ ಮಟ್ಟದಲ್ಲಿ ಹರಿಗೋಲಿನ ಅಡ್ಡಳತೆ 2 ಮೀಟರ್ ಎನ್ನೋಣ, ವಿಸ್ತೀರ್ಣ 3.14 ಚದರ ಮೀಟರ್. ಒಂದು ಸೆಂಟಿಮೀಟರ್ ಇಳಿದರೆ ಸರಿಯುವ ನೀರು 31.4 ಲೀಟರ್, ಹತ್ತಿರ ಹತ್ತಿರ 31 ಕಿಲೋ. 63 ಕಿಲೋದವರು ಹತ್ತಿದರೆ ಎರಡು ಸೆಂಟಿಮೀಟರ್. ಅಂಬಿಗ ಪೆನ್ನು ಹಿಡಿಯುವುದಿಲ್ಲ. ನಮ್ಮ ಹೊಟ್ಟೆಯತ್ತ ಒಮ್ಮೆ ನೋಡಿ, "ಸಾರ್, ನೀವು ಈ ಕಡೆ ಕುಂದರ್ರಿ" ಎಂದು, ಎದುರಿಗೆ ಇಬ್ಬರು ಹುಡುಗರನ್ನು ಕೂರಿಸುತ್ತಾನೆ. ಲೆಕ್ಕ ಮುಗಿಯಿತು, ಮರ್ಯಾದೆಯೂ.

ಮುಳುಗಿದವರ ಲೆಕ್ಕ ಬೇರೆ. ಅಲ್ಲಿ ನೀರು ತೂಕ ಕೇಳುವುದಿಲ್ಲ, ಹಿಡಿದ ಜಾಗವನ್ನಷ್ಟೇ ಕೇಳುತ್ತದೆ. ಒಂದು ಲೀಟರ್ ಗಾತ್ರದ ಕಲ್ಲು 2.7 ಕಿಲೋ, ಅಷ್ಟೇ ಗಾತ್ರದ ಕಬ್ಬಿಣ 7.8 ಕಿಲೋ. ಎರಡಕ್ಕೂ ಸಿಗುವ ರಿಯಾಯಿತಿ ಒಂದೇ ಒಂದು ಕಿಲೋ. ಪಠ್ಯಪುಸ್ತಕದ ಮಾತಿನಲ್ಲಿ 9.8 ನ್ಯೂಟನ್. ಬಿಪಿಎಲ್ ಕಾರ್ಡು ಬೇಕಿಲ್ಲ.

ಇದನ್ನು ಎರಡು ಸಾವಿರ ವರ್ಷಗಳಿಗೂ ಹಿಂದೆ ಸಿರಾಕ್ಯೂಸಿನ ಆರ್ಕಿಮಿಡೀಸ್ ಬರೆದಿಟ್ಟ. ಬಚ್ಚಲಿನಿಂದ ಬರಿಮೈಯಲ್ಲಿ ಓಡಿದ ಕಥೆ ಮಾತ್ರ ಅವನದಲ್ಲ. ಶತಮಾನಗಳ ನಂತರ ರೋಮಿನ ವಿಟ್ರೂವಿಯಸ್ ಹೇಳಿದ್ದು. ಸೂತ್ರ ಮರೆತವರಿಗೂ ಆ ಓಟ ನೆನಪಿದೆ.

ನಮ್ಮ ಹಳ್ಳಿಗಳಲ್ಲಿ ಈಜು ಕಲಿಯುವ ಹುಡುಗರಿಗೆ ಒಣ ಸೋರೆಬುರುಡೆ ಕಟ್ಟಿ ಬಾವಿಗಿಳಿಸುತ್ತಿದ್ದರು. ಐದು ಲೀಟರ್ ಗಾತ್ರದ, ಅರ್ಧ ಕಿಲೋ ತೂಕದ ಬುರುಡೆ ಪೂರ್ತಿ ಮುಳುಗಿದರೆ ಹೊರಬಲ್ಲದ್ದು ನಾಲ್ಕೂವರೆ ಕಿಲೋ. ನಲವತ್ತು ಕಿಲೋದ ಹುಡುಗನಿಗೆ ಅದು ಹೇಗೆ ಸಾಕು? ನೀರಿನೊಳಗಿರುವ ಮೈಯನ್ನು ನೀರೇ ಹೆಚ್ಚುಕಡಿಮೆ ಹೊತ್ತಿರುತ್ತದೆ. ಉಳಿಯುವುದು ಮೇಲೆತ್ತಿದ ತಲೆ. ಒಂದು ಬುರುಡೆ ಎತ್ತಿಹಿಡಿಯಲು ಇನ್ನೊಂದು ಬುರುಡೆ ಸಾಕಷ್ಟೆ. ಹುಡುಗ ಹೆದರಿ "ಅಯ್ಯಯ್ಯೋ" ಎಂದು ಎರಡೂ ಕೈ ಮೇಲೆತ್ತಿದನೋ, ಅವುಗಳ ತೂಕವೂ ಬುರುಡೆಯ ಪಾಲಿಗೆ ಬಿತ್ತು, ಗುಳುಂ!

ತಲೆಯೆತ್ತಿ ಬಾಳು ಎಂಬ ಹಿರಿಯರ ಮಾತು ದಡದ ಮೇಲೆ ಸರಿ. ನೀರಿನಲ್ಲಿ ಮೂಗಿನಷ್ಟು ಎತ್ತಿದರೆ ಸಾಕು.