ಒಂದು ಪುಟದ ಬಾವಿ

ಕನ್ನಡದಲ್ಲಿ ಕಾದಂಬರಿ ಬರೆದವರಿಗೆ ಏಜೆಂಟರ ಅಗತ್ಯ ಇಲ್ಲಿಯವರೆಗೆ ಅಷ್ಟಾಗಿ ಬಿದ್ದಿರಲಿಲ್ಲ. ಬರೆಯುವವರಿದ್ದರು, ಅಚ್ಚು ಹಾಕುವವರಿದ್ದರು, ಮುನ್ನುಡಿಗೆಂದು ಆರು ತಿಂಗಳು ಕಾಯಿಸುವವರಿದ್ದರು, ಬಿಡುಗಡೆಯ ದಿನ ಪುಸ್ತಕ ತೆರೆಯದೆಯೇ ಮುಕ್ಕಾಲು ಗಂಟೆ ಮಾತಾಡುವವರೂ ಇದ್ದರು. ನಡುವೆ ನಿಂತು ವ್ಯವಹಾರ ಕುದುರಿಸುವವರು ಮಾತ್ರ ಇರಲಿಲ್ಲ. ಕುದುರಿಸುವಂಥ ವ್ಯವಹಾರವಾದರೂ ಎಲ್ಲಿತ್ತು? ಸಾವಿರ ಪ್ರತಿ ಅಚ್ಚಾದರೆ ಹೆಚ್ಚು. ಗ್ರಂಥಾಲಯ ಇಲಾಖೆಯವರು ಕೊಂಡರೆ ಪುಣ್ಯ. ಗೌರವಧನದ ಜಾಗದಲ್ಲಿ ಲೇಖಕರಿಗೆ 25 ಪ್ರತಿ ಕೊಟ್ಟು ಕೈಮುಗಿಯುವುದೂ ಉಂಟು. ಇಂಗ್ಲಿಷಿನ ಏಜೆಂಟರು ನೂರಕ್ಕೆ 15 ಕಮಿಷನ್ ತೆಗೆದುಕೊಳ್ಳುವುದು ವಾಡಿಕೆ. ಆ ಲೆಕ್ಕ ಹಿಡಿದರೆ ಅವರ ಪಾಲಿಗೆ ಮೂರೂ ಮುಕ್ಕಾಲು ಪುಸ್ತಕ ಬರುತ್ತದೆ.

ನಮ್ಮ ಹಿರಿಯರು ಈ ನಡುವಿನವರ ಕೆಲಸವನ್ನೂ ತಾವೇ ಮಾಡಿಕೊಂಡರು. ಗಳಗನಾಥರು ಪುಸ್ತಕದ ಗಂಟನ್ನು ತಲೆಯ ಮೇಲೆ ಹೊತ್ತು ಊರೂರು ತಿರುಗಿ ಮಾರಿದವರು. ಕಾರಂತರು ಬರೆದರು, ಸ್ವಂತ ಮುದ್ರಣಾಲಯ ನಡೆಸಿದರು, ರಕ್ಷಾಪುಟದ ಚಿತ್ರವನ್ನೂ ಬಿಡಿಸಿಕೊಂಡರು. ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡ ನಂಜನಗೂಡಿನ ತಿರುಮಲಾಂಬಾ ಅವರು ಶತಮಾನದ ಹಿಂದೆಯೇ ‘ಸತೀ ಹಿತೈಷಿಣೀ’ ಗ್ರಂಥಮಾಲೆ ಕಟ್ಟಿ ತಮ್ಮ ಕಾದಂಬರಿಗಳನ್ನು ತಾವೇ ಹೊರತಂದರು. ಎಂ.ಕೆ. ಇಂದಿರಾ ಅವರು ಬರೆಯಲು ಕೂತದ್ದೇ ನಲವತ್ತೈದರ ಆಸುಪಾಸಿನಲ್ಲಿ. ‘ತುಂಗಭದ್ರಾ’ 1963ರಲ್ಲಿ ಬಂತು. ಮನೆಯಲ್ಲಿ ನಾನು ಮತ್ತೆ ಮತ್ತೆ ಎತ್ತುವ ಹೆಸರು ಇಂದಿರಾ ಅವರದೊಂದೇ. ಏಕೆಂದರೆ ನನ್ನ ಮೊದಲ ಕಾದಂಬರಿ ಮುಗಿಯುವಷ್ಟರಲ್ಲಿ ನನಗೂ ಓದುವ ಕನ್ನಡಕ ಬಂದಿತ್ತು, ಮಗನಿಗೆ ಮೀಸೆ ಬಂದಿತ್ತು.

ಬರೆದದ್ದು ನಮ್ಮ ಅತ್ತೆಯವರ ತವರಿನ ಕಡೆಯ ಒಂದು ಹಳೆಯ ಸಂಗತಿ. ಕೃಷ್ಣರಾಜನಗರದ ಹತ್ತಿರದ ಒಂದು ಮನೆ, ಅಣ್ಣತಮ್ಮಂದಿರ ಪಾಲು, ನಡುಮನೆಗೆ ಅಡ್ಡಗೋಡೆ. ಹಿತ್ತಲ ಬಾವಿಯನ್ನು ಮಾತ್ರ ಯಾರ ಕಡೆಗೆ ಬರೆಯುವುದೆಂದು ತೀರ್ಮಾನವಾಗದೆ ಮೂವತ್ತು ವರ್ಷ ಹಗ್ಗಜಗ್ಗಾಟ. ಇದನ್ನು ನಾನು ಬರೆದದ್ದು ಊಟದ ಮೇಜಿನ ಒಂದು ಮೂಲೆಯಲ್ಲಿ, ಹೈಸ್ಕೂಲಿನ ಗಣಿತದ ಉತ್ತರ ಪತ್ರಿಕೆಗಳ ಪಕ್ಕದಲ್ಲಿ. ರಾತ್ರಿ ಪಾತ್ರೆ ತೊಳೆದು, ಹಾಲಿಗೆ ಹೆಪ್ಪು ಹಾಕಿ, ಬೆಳಗಿನ ಇಡ್ಲಿಗೆ ರುಬ್ಬಿಟ್ಟು ಕೂರುವುದು. ಕೂತ ಕೂಡಲೇ ನಮ್ಮವರು ಬಂದು, ಇಷ್ಟು ಹೊತ್ತು ಸುಮ್ಮನಿದ್ದವರು, ವಾಟರ್ ಬಿಲ್ ಎಲ್ಲಿಟ್ಟಿದ್ದೀಯ ಎನ್ನುವುದು. ಕಾದಂಬರಿಯಲ್ಲಿ ಜಗಳದ ಪ್ರಕರಣಗಳು ಚೆನ್ನಾಗಿ ಬಂದಿವೆ ಎಂದು ಓದಿದವರು ಹೇಳುತ್ತಾರೆ. ಅದರ ಶ್ರೇಯಸ್ಸು ವಾಟರ್ ಬಿಲ್ಲಿಗೆ ಸಲ್ಲಬೇಕು.

2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರ ‘ಹಾರ್ಟ್ ಲ್ಯಾಂಪ್’ಗೆ ಅಂತರರಾಷ್ಟ್ರೀಯ ಬೂಕರ್ ಬಂತು. 50,000 ಪೌಂಡ್, ಲೇಖಕಿಗೂ ಅನುವಾದಕಿ ದೀಪಾ ಭಾಸ್ತಿ ಅವರಿಗೂ ಸಮಪಾಲು. ನಮ್ಮ ಅಕ್ಕನ ಮಗಳು ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾಳೆ. ಅದಕ್ಕೂ ಮೊದಲಿನಿಂದಲೇ ರಾತ್ರಿಗಳಲ್ಲಿ ನನ್ನ ಕಾದಂಬರಿಯನ್ನು ಇಂಗ್ಲಿಷಿಗೆ ತರುತ್ತಿದ್ದಳು. ಬಹುಮಾನದ ಮರುದಿನ ಫೋನ್ ಮಾಡಿ, “ಚಿಕ್ಕಮ್ಮ, ಇನ್ನು ಕೈಕಟ್ಟಿ ಕೂರೋದಲ್ಲ. ಏಜೆಂಟ್ ಹುಡುಕೋಣ” ಎಂದಳು. ಪಕ್ಕದಲ್ಲಿದ್ದ ನಮ್ಮವರು ‘ಸಮಪಾಲು’ ಎಂಬುದನ್ನು ಕೇಳಿಸಿಕೊಂಡು, ಆಗಲೇ 25,000 ಪೌಂಡನ್ನು ರೂಪಾಯಿಗೆ ತಿರುಗಿಸುತ್ತಿದ್ದರು. ಮಹಡಿಯ ಮೇಲೆ ಒಂದು ಕೋಣೆ ಕಟ್ಟಿಸುವ ಆಸೆ ಅವರಿಗೆ ಬಹುಕಾಲದ್ದು.

ಈ ಏಜೆಂಟರ ಕಸುಬು ಹುಟ್ಟಿದ್ದು ಲಂಡನ್ನಿನಲ್ಲಿ. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಎ.ಪಿ. ವಾಟ್ ಎಂಬ ಸ್ಕಾಟ್ಲೆಂಡಿನವರು ಲೇಖಕರ ಪರವಾಗಿ ಪ್ರಕಾಶಕರ ಬಳಿ ಚೌಕಾಸಿ ಮಾಡಿ, ಬಂದದ್ದರಲ್ಲಿ ನೂರಕ್ಕೆ 10 ಇಟ್ಟುಕೊಳ್ಳತೊಡಗಿದರು. ಕಿಪ್ಲಿಂಗ್, ಕಾನನ್ ಡಾಯ್ಲ್ ಅಂಥವರೂ ಅವರ ಬಳಿ ಇದ್ದರು. ಈಗ ಆ 10 ಏರಿ 15 ಆಗಿದೆ, ಬೇರೆ ದೇಶದ ಹಕ್ಕಾದರೆ 20. ಪ್ರಾಮಾಣಿಕರು ಲೇಖಕರಿಂದ ಮುಂಗಡವಾಗಿ ಒಂದು ಕಾಸನ್ನೂ ಕೇಳುವುದಿಲ್ಲ. ಓದಲು ಇಷ್ಟು, ತಿದ್ದಲು ಅಷ್ಟು ಎಂದು ಮೊದಲೇ ಕೈಚಾಚಿದವರನ್ನು ಕಂಡರೆ ಅಲ್ಲಿಂದ ಕಾಲು ಕೀಳಬೇಕು.

ಮೈಸೂರಿನವರಿಗೆ ಈ ವಿಷಯದಲ್ಲಿ ಒಂದು ಪೂರ್ವಕಥೆಯಿದೆ. ಆರ್.ಕೆ. ನಾರಾಯಣ್ ಅವರ ಮೊದಲ ಕಾದಂಬರಿ ಲಂಡನ್ನಿನ ಪ್ರಕಾಶಕರ ಬಾಗಿಲುಗಳಿಂದ ಹಿಂದಿರುಗಿ ಬರುತ್ತಲೇ ಇತ್ತು. ಬೇಸತ್ತು, ಆಕ್ಸ್‌ಫರ್ಡಿನಲ್ಲಿದ್ದ ಗೆಳೆಯರೊಬ್ಬರಿಗೆ, ಹಸ್ತಪ್ರತಿಗೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಗೆಳೆಯರು ನದಿಯ ಕಡೆ ಹೋಗದೆ ಗ್ರಹಾಂ ಗ್ರೀನ್ ಅವರ ಕೈಗೆ ಅದನ್ನು ಕೊಟ್ಟರು. ಗ್ರೀನ್ ಪ್ರಕಾಶಕರನ್ನು ಹಿಡಿದರು, ಲೇಖಕರ ಉದ್ದದ ಹೆಸರನ್ನು ಮೊಟಕು ಮಾಡಿಸಿದರು, 1935ರಲ್ಲಿ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಹೊರಬಂತು. ಏಜೆಂಟರು ಕಮಿಷನ್ನಿಗೆ ಮಾಡುವುದನ್ನು ಒಬ್ಬ ಕಾದಂಬರಿಕಾರ ಇನ್ನೊಬ್ಬನಿಗಾಗಿ ಬಿಟ್ಟಿ ಮಾಡಿದ ಅಪರೂಪದ ಪ್ರಸಂಗವಿದು. ಯಾದವಗಿರಿಯ ನಾರಾಯಣ್ ಅವರ ಮನೆ ಈಗ ಮ್ಯೂಸಿಯಂ. ಆ ಕಡೆ ಹೋದಾಗಲೆಲ್ಲ ನನಗೆ ನೆನಪಾಗುವುದು ಆ ಗೆಳೆಯರೇ. ಹೇಳಿದ ಮಾತು ಕೇಳದ ಗೆಳೆಯರು ಪ್ರತಿಯೊಬ್ಬ ಲೇಖಕರಿಗೂ ಒಬ್ಬರಾದರೂ ಇರಬೇಕು.

ಈಗಿನ ಕಾಲಕ್ಕೆ ಗೆಳೆಯರ ಬದಲು ಒಂದು ಪತ್ರ ಬೇಕು. ಕ್ವೆರಿ ಲೆಟರ್ ಅನ್ನುತ್ತಾರೆ. ಒಂದೇ ಪುಟ ಇರಬೇಕು. ಅದರಲ್ಲಿ ಕಾದಂಬರಿಯ ಎಳೆ, ಎಷ್ಟು ಪದಗಳಿವೆ ಎಂಬುದು, ನಿಮ್ಮ ಪರಿಚಯ. ಜೊತೆಗೆ ಒಂದೆರಡು ಪುಟದ ಸಾರಾಂಶ, ಮೊದಲ ಮೂರು ಅಧ್ಯಾಯ. ನೋಡುತ್ತ ಹೋದಂತೆ ಇದು ನನಗೆ ಚಿರಪರಿಚಿತ ಪ್ರಕಾರವೆನಿಸಿತು: ಮದುವೆಗೆ ಕಳಿಸುವ ಬಯೋಡೇಟಾ. ಎತ್ತರ ಇಷ್ಟು, ಓದು ಇಷ್ಟು, ಗೃಹಕೃತ್ಯ ನಿಪುಣೆ, ಹೊಂದಿಕೊಳ್ಳುವ ಸ್ವಭಾವ. ವ್ಯತ್ಯಾಸವೆಂದರೆ ಹುಡುಗಿಯ ಬಗ್ಗೆ ಸೋದರಮಾವ ಬರೆಯುತ್ತಾನೆ. ಇಲ್ಲಿ ಹುಡುಗಿಯೇ ಬರೆದುಕೊಳ್ಳಬೇಕು. ‘ತಿಳಿದಮಟ್ಟಿಗೆ ಏನೋ ಬರೆದಿದ್ದೇನೆ, ದೊಡ್ಡವರು ತಿದ್ದಬೇಕು’ ಎಂದು ಮೊದಲ ಕರಡಿನಲ್ಲಿ ಹಾಕಿದ್ದೆ. ಅಕ್ಕನ ಮಗಳು ಅದನ್ನು ಒಂದೇ ಏಟಿಗೆ ಹೊಡೆದುಹಾಕಿ, “ಚಿಕ್ಕಮ್ಮ, ಅವರು ನಿಜ ಅಂದುಕೊಳ್ತಾರೆ” ಎಂದಳು.

ಇನ್ನೊಂದು ಷರತ್ತು: ನಿಮ್ಮ ಕೃತಿಯನ್ನು ಹೋಲುವ, ಇತ್ತೀಚಿನ ಕೆಲವೇ ವರ್ಷಗಳಲ್ಲಿ ಬಂದ ಒಂದೆರಡು ಪುಸ್ತಕಗಳನ್ನು ಹೆಸರಿಸಬೇಕು. ತೀರಾ ಪ್ರಸಿದ್ಧವಾದದ್ದು ಬೇಡ, ಅಹಂಕಾರವೆನಿಸುತ್ತದೆ. ತೀರಾ ಅಜ್ಞಾತವೂ ಬೇಡ, ಅಪಶಕುನ. ನನಗೆ ಹೊಳೆಯುವುದೆಲ್ಲ ನಾನು ಹುಟ್ಟುವ ಮೊದಲಿನವು. ಈ ಪತ್ರವನ್ನು ಕುವೆಂಪು ಬರೆಯಬೇಕಾಗಿ ಬಂದಿದ್ದರೆ ಎಂದು ಒಂದು ಸಂಜೆ ಯೋಚಿಸಿ, ನನ್ನ ಕಷ್ಟ ಮರೆತೆ. ‘ಮಲೆಗಳಲ್ಲಿ ಮದುಮಗಳು’ವಿನ ಕಥಾನಾಯಕ ಯಾರು? ಆತನಿಗೆ ಏನು ಬೇಕು? ಅದಕ್ಕೆ ಅಡ್ಡ ಬರುವುದೇನು? ಮೂರು ವಾಕ್ಯದಲ್ಲಿ ಹೇಳಿ. ಗುತ್ತಿಯ ನಾಯಿ ಹುಲಿಯನಿಗೇ ಮೂರು ವಾಕ್ಯ ಸಾಲದು.

ಎಲ್ಲಕ್ಕಿಂತ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆಯ ಪ್ರಶ್ನೆ. ಈ ಕಥೆಯನ್ನು ಬರೆಯಲು ನೀವೇ ಏಕೆ ತಕ್ಕವರು? ನಿಜವಾದ ಉತ್ತರ ನನ್ನ ಬಳಿಯಿತ್ತು. ಸ್ವಾಮಿ, ಈ ಜಗಳವನ್ನು ನಾನು ಇಪ್ಪತ್ತು ವರ್ಷದಿಂದ ಪ್ರತಿ ಗೌರಿ ಹಬ್ಬದಲ್ಲೂ ಎರಡೂ ಪಕ್ಷದವರ ಬಾಯಿಂದ ಕೇಳಿದ್ದೇನೆ. ಆದರೆ ಹಾಗೆ ಬರೆಯುವಂತಿರಲಿಲ್ಲ. ಪಕ್ಷದವರೆಲ್ಲ ಇನ್ನೂ ಗಟ್ಟಿಮುಟ್ಟಾಗಿದ್ದಾರೆ, ಒಬ್ಬರು ವಕೀಲರು. ‘ಗ್ರಾಮೀಣ ಕುಟುಂಬ ವ್ಯವಸ್ಥೆಯ ನಿಕಟ ಪರಿಚಯವಿದೆ’ ಎಂದು ಬರೆದೆವು.

ಸಾರಾಂಶದಲ್ಲಿ ಕೊನೆಯನ್ನೂ ಬಿಟ್ಟುಕೊಡಬೇಕಂತೆ. ನಮ್ಮಲ್ಲಿ ಬೆನ್ನುಡಿ ಬರೆಯುವವರು ‘ಮುಂದೇನಾಯಿತು ಎಂಬುದನ್ನು ಓದುಗರೇ ಓದಿ ತಿಳಿಯಬೇಕು’ ಎಂದು ಜಾರಿಕೊಳ್ಳುತ್ತಾರೆ; ಅಲ್ಲಿ ಹಾಗೆ ಬರೆದರೆ ಕಸಬುಟ್ಟಿ. ಒಂದು ಭಾನುವಾರ ಹುರುಳಿಕಾಯಿ ಸೋಸುತ್ತಿದ್ದ ಅತ್ತೆಯವರಿಗೆ ಆ ಸಾರಾಂಶವನ್ನು ಕನ್ನಡದಲ್ಲಿ ಹೇಳಿದೆ. ಮೂರು ತಲೆಮಾರು, ಎರಡು ಸಾವು, ಒಂದು ಕೋರ್ಟು ಕಟ್ಟಳೆ, ಕೊನೆಗೆ ಬತ್ತಿದ ಬಾವಿ. ನಾರು ತೆಗೆಯುತ್ತಲೇ ಪೂರ್ತಿ ಕೇಳಿ, “ಇಷ್ಟೇನೇನೇ? ಇದಕ್ಕೆ ಮುನ್ನೂರು ಪುಟ ಯಾಕೆ ಬೇಕಾಯ್ತು?” ಎಂದರು. ಮಗ ಕೋಣೆಯಿಂದಲೇ ನಕ್ಕ. ಅವನಿಗೆ ಆಗ ಸಿಇಟಿ ಹತ್ತಿರವಿತ್ತು, ನಗುವ ಅವಕಾಶಗಳು ಕಡಿಮೆಯಿದ್ದವು, ಆದ್ದರಿಂದ ಕ್ಷಮಿಸಿದೆ.

ಹೀಗೆ ತಯಾರಾದ ಪತ್ರವನ್ನು ಒಬ್ಬರಿಗಲ್ಲ, ಹಲವರಿಗೆ ಒಟ್ಟಿಗೇ ಕಳಿಸಬಹುದಂತೆ. ಇದು ನನಗೆ ಕೊಂಚ ಅನೈತಿಕವೆನಿಸಿತು. ನಾನು ಬೆಳೆದದ್ದು ‘ಈ ಕಥೆಯನ್ನು ಬೇರಾವ ಪತ್ರಿಕೆಗೂ ಕಳಿಸಿಲ್ಲ’ ಎಂದು ದೃಢೀಕರಿಸಿ, ಹಿಂದಿರುಗಿಸಲು ಸ್ವವಿಳಾಸದ, ಅಂಚೆಚೀಟಿ ಹಚ್ಚಿದ ಲಕೋಟೆಯನ್ನು ಜೊತೆಗಿಡುತ್ತಿದ್ದ ಕಾಲದಲ್ಲಿ. ಆ ಲಕೋಟೆಯಲ್ಲಿ ಕಥೆಯೊಂದಿಗೆ ಚೋಟುದ್ದದ ವಿಷಾದಪತ್ರವಾದರೂ ಬರುತ್ತಿತ್ತು: ಸ್ಥಳಾಭಾವದಿಂದ ಬಳಸಿಕೊಳ್ಳಲಾಗಲಿಲ್ಲ. ಕಥೆ ಕೆಟ್ಟದ್ದಲ್ಲ, ಜಾಗವಿಲ್ಲ ಅಷ್ಟೆ. ಎಷ್ಟು ಮರ್ಯಾದಸ್ಥ ಸುಳ್ಳು!

ಇಂಗ್ಲಿಷಿನ ಏಜೆಂಟರಲ್ಲಿ ಅನೇಕರು ಆ ಸುಳ್ಳಿನ ಖರ್ಚನ್ನೂ ಉಳಿಸಿದ್ದಾರೆ. ಎಂಟೋ ಹನ್ನೆರಡೋ ವಾರದಲ್ಲಿ ಉತ್ತರ ಬಾರದಿದ್ದರೆ ಬೇಡವೆಂದೇ ತಿಳಿಯಿರಿ ಎಂದು ಮೊದಲೇ ಹೇಳಿಬಿಟ್ಟಿರುತ್ತಾರೆ. ಮೌನಂ ಸಮ್ಮತಿ ಲಕ್ಷಣಂ ಎಂದು ನಂಬಿಕೊಂಡು ಮದುವೆ, ಮುಂಜಿ, ಆಸ್ತಿ ಎಲ್ಲವನ್ನೂ ತೀರ್ಮಾನಿಸಿದ ಕುಟುಂಬಕ್ಕೆ ಇದನ್ನು ಅರ್ಥ ಮಾಡಿಸುವುದು ಸುಲಭವಲ್ಲ. “ಬೇಡ ಅಂದಿಲ್ಲ ತಾನೆ? ಹಾಗಾದರೆ ಒಪ್ಪಿದ ಹಾಗೇ” ಎಂದು ನಮ್ಮವರು ಮಹಡಿಯ ಕೋಣೆಗೆ ಮೇಸ್ತ್ರಿಯನ್ನು ಕರೆಸಿ ಅಳತೆ ಮಾಡಿಸಿದರು.

ಲಂಡನ್ನಿನ ಮಧ್ಯಾಹ್ನವೆಂದರೆ ನಮ್ಮ ಸಂಜೆ. ಅವರು ಊಟ ಮುಗಿಸಿ ಮೇಲ್ ತೆರೆಯುವ ಹೊತ್ತಿಗೆ ಇಲ್ಲಿ ನನ್ನ ಕುಕ್ಕರ್ ಕೂಗುತ್ತಿರುತ್ತದೆ. ಒಗ್ಗರಣೆ ಸೌಟು ಒಂದು ಕೈಯಲ್ಲಿ, ಫೋನು ಇನ್ನೊಂದರಲ್ಲಿ. ಆ ದಿನಗಳಲ್ಲಿ ಸಾರಿನ ಸಾಸಿವೆ ಕಪ್ಪಗಾಗುತ್ತಿದ್ದುದನ್ನು ಮನೆಯವರು ಯಾರೂ ಆಡಿ ತೋರಿಸಲಿಲ್ಲ. ಒಂದು ದಿನ ಸ್ಕೂಲಿನಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅತ್ತೆ, “ಯಾವುದೋ ಏಜೆನ್ಸಿಯಿಂದ ಫೋನು ಬಂದಿತ್ತು ಕಣೆ. ನಿನ್ನ ಹೆಸರೇ ಹೇಳಿದರು” ಎಂದರು. ನಾನು ಗೋಡೆ ಹಿಡಿದೆ. “ಏನಂದರು ಅತ್ತೆ?” “ಅದೇನೋ ಕೆವೈಸಿ ಮಾಡಿಸಬೇಕಂತೆ. ಇಲ್ಲದಿದ್ದರೆ ಸಿಲಿಂಡರ್ ಕೊಡಲ್ವಂತೆ.” ಮರುದಿನವೇ ಹೋಗಿ ಹೆಬ್ಬೆಟ್ಟು ಒತ್ತಿ ಬಂದೆ. ಅಲ್ಲಿನ ಹುಡುಗ ಒಂದೇ ನಿಮಿಷದಲ್ಲಿ, “ಓಕೆ ಆಯ್ತು ಮೇಡಂ” ಎಂದ. ಏಜೆನ್ಸಿಯೊಂದು ನನ್ನನ್ನು ಒಪ್ಪಿಕೊಂಡ ಸುಖ ಆ ಸಂಜೆಯಿಡೀ ಇತ್ತು.

ಕೊನೆಗೆ ಒಬ್ಬ ಏಜೆಂಟಮ್ಮನಿಂದ ಎರಡೇ ಸಾಲಿನ ಉತ್ತರ ಬಂತು: ಪೂರ್ತಿ ಹಸ್ತಪ್ರತಿ ಕಳಿಸಿ, ಓದಲು ಮೂರು ತಿಂಗಳು ಬೇಕು. ಇದು ಒಪ್ಪಿಗೆಯಲ್ಲ, ಆದರೂ ನೂರಾರು ಪತ್ರಗಳಲ್ಲಿ ಕೆಲವಕ್ಕೆ ಮಾತ್ರ ಸಿಗುವಂಥದ್ದು ಎಂದು ಅಕ್ಕನ ಮಗಳು ಫೋನಿನಲ್ಲೇ ಕುಣಿದಳು. ಮನೆಯಲ್ಲಿ ಹೇಳಿದೆ. ನಮ್ಮವರು ಸಿಮೆಂಟಿನ ಬೆಲೆ ವಿಚಾರಿಸಲು ಹೊರಟರು. ಅತ್ತೆ ಮಾತ್ರ, “ಅಷ್ಟು ದೂರದವರೇ ಪೂರ್ತಿ ಓದ್ತಾರೆ ಅಂದಮೇಲೆ ನನಗೂ ಕೊಡು, ಅಕ್ಷರ ದಪ್ಪಗೆ ಮಾಡಿ” ಎಂದರು. ಸ್ಕೂಲಿನ ಹತ್ತಿರದ ಜೆರಾಕ್ಸ್ ಅಂಗಡಿಯಲ್ಲಿ ದೊಡ್ಡಕ್ಷರದಲ್ಲಿ ತೆಗೆಸಿ, ಸುರುಳಿ ಬೈಂಡಿಂಗ್ ಹಾಕಿಸಿ ಕೊಟ್ಟೆ.

ಮೂರು ತಿಂಗಳೇನೂ ಬೇಕಾಗಲಿಲ್ಲ. ಧಾರಾವಾಹಿಗಳನ್ನು ಬಿಟ್ಟು ಒಂದೇ ವಾರದಲ್ಲಿ ಮುಗಿಸಿದರು. ನಾನು ಎದುರಿಗೆ ಹೋಗಿ ನಿಂತೆ. ಕನ್ನಡಕ ತೆಗೆದು, “ಎಲ್ಲ ಸರಿಯಾಗಿದೆ. ಆದರೆ ಆ ಬಾವಿಗೆ ರಾಟೆ ಒಂದಲ್ಲ, ಎರಡಿತ್ತು” ಎಂದರು.

ಅನ್ಯರಿಗೆ ಇದು ಸಣ್ಣ ಮಾತು. ನನ್ನ ಕಾದಂಬರಿ ನಿಂತಿರುವುದೇ ಒಂದು ರಾಟೆಯ ಮೇಲೆ. ಬೆಳಗಿನ ಜಾವ ಯಾರು ಮೊದಲು ಹಗ್ಗ ಹಾಕಬೇಕು ಎಂಬಲ್ಲಿಂದಲೇ ಜಗಳ ಶುರುವಾಗಿ ಕೋರ್ಟಿನವರೆಗೆ ಹೋಗುತ್ತದೆ. ಎರಡು ರಾಟೆಯಿದ್ದರೆ ಇಬ್ಬರೂ ಸೇದಿಕೊಂಡು ಒಳಗೆ ಹೋಗುತ್ತಾರೆ. ಎರಡನೆಯ ಅಧ್ಯಾಯಕ್ಕೆ ಪುಸ್ತಕ ಮುಗಿಯುತ್ತದೆ.

“ಎರಡಿದ್ದರೆ ಯಾಕೆ ಜಗಳ ಆಡಿದರು ಅತ್ತೆ?”

“ಅದನ್ನ ನೀನು ಬರೀಬೇಕಿತ್ತು” ಎಂದು, ಅನುಮಾನವಿದ್ದರೆ ಕೇಳಿಬಿಡೋಣವೆಂದು ತಮ್ಮ ಚಿಕ್ಕಪ್ಪನ ಮಗನಿಗೆ, ಆ ವಕೀಲರಿಗೇ, ಅಲ್ಲೇ ಫೋನ್ ಹಚ್ಚಿದರು. ನಾನು ಕೈಸನ್ನೆಯಲ್ಲಿ ಬೇಡವೆಂದದ್ದು ಅವರ ಕಣ್ಣಿಗೆ ಬೀಳಲಿಲ್ಲ. ಆ ಕಡೆಯಿಂದ ಬಂದ ಉತ್ತರ ನನಗೂ ಕೇಳುವಷ್ಟು ಜೋರಾಗಿತ್ತು: ರಾಟೆ ಎರಡಿದ್ದದ್ದು ನಿಜ, ಎರಡನೆಯದನ್ನು ಹಾಕಿಸಿದ್ದು ತಮ್ಮಪ್ಪ, ಅದರ ದುಡ್ಡು ಇನ್ನೂ ಬರಬೇಕು. ಬರುವ ಭಾನುವಾರ ಅವರು ಊಟಕ್ಕೆ ಬರುತ್ತಾರೆ, ಪುಸ್ತಕವನ್ನು ಇಲ್ಲೇ ಕೂತು ಓದುತ್ತಾರಂತೆ. ಪೂರ್ತಿ.